ಮೇಲಿನ ಸಾಲಿನ ವೈನ್

ಗೊಟ್‌ಹಿಲ್ಫ್ ಐಸೆಲೆಯ ದ್ರಾಕ್ಷಿ ತೋಟಕ್ಕೂ ನಮ್ಮದಕ್ಕೂ ನಡುವೆ ಒಂದೇ ಗೋಡೆ. ನೆಕ್ಕರ್ ನದಿ ನಮ್ಮೂರಿನ ಹತ್ತಿರ ತಿರುಗುವ ಕಡೆ ಗುಡ್ಡ ಎಷ್ಟು ಕಡಿದಾಗಿದೆಯೆಂದರೆ ಅಲ್ಲಿಗೆ ಯಾವ ಯಂತ್ರವೂ ಹತ್ತುವುದಿಲ್ಲ. ಹಿಂದಿನವರು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಮೆಟ್ಟಿಲು ಮೆಟ್ಟಿಲಾಗಿ ನೆಲ ಮಾಡಿಕೊಂಡಿದ್ದಾರೆ. ಚಳಿಗಾಲದ ಹಿಮಕ್ಕೆ ಕಲ್ಲು ಸಡಿಲವಾಗಿ ಗೋಡೆ ಹೊಟ್ಟೆ ಬಿಡುತ್ತದೆ. ವಸಂತ ಬಂತೆಂದರೆ ಮತ್ತೆ ಕಟ್ಟಬೇಕು. ಆ ಕೆಲಸದಲ್ಲಿ ಗೊಟ್‌ಹಿಲ್ಫ್‌ನ ಕೈಯೇ ಕೈ. ಕಲ್ಲು ಹೊತ್ತು ಹೊತ್ತು ಅವನ ಬಲ ಹೆಗಲು ಎಡ ಹೆಗಲಿಗಿಂತ ತಗ್ಗಾಗಿತ್ತು. ದೂರದಿಂದ ನಡೆದು ಬಂದರೂ ಅವನೇ ಎಂದು ಗೊತ್ತಾಗುತ್ತಿತ್ತು.

ಅವನು ಬೆಳೆಯುತ್ತಿದ್ದದ್ದು ಟ್ರೋಲಿಂಗರ್ ದ್ರಾಕ್ಷಿಯೊಂದನ್ನೇ. ಅವರಪ್ಪನೂ ಅಷ್ಟೆ. ಅದರ ವೈನು ತೆಳುಗೆಂಪು, ಲೋಟದ ಆಚೆ ಹಿಡಿದ ಬೆರಳು ಈಚೆಗೆ ಕಾಣುತ್ತದೆ. ಸ್ವಲ್ಪ ತಂಪಾಗಿ, ಹಿಡಿಯಿರುವ ದಪ್ಪ ಲೋಟದಲ್ಲಿ ಕುಡಿಯುವಂಥದ್ದು. ನಮ್ಮ ಕಡೆ ಅದನ್ನು ಯಾರೂ ಮೂಸುತ್ತಾ ಕೂರುವುದಿಲ್ಲ. ಸಂಜೆ ಬ್ರೆಡ್ಡು, ತಣ್ಣನೆಯ ಸಾಸೇಜು ತಿನ್ನುವಾಗ ಒಂದು ಲೋಟ. ಮಾಂಸ, ಪಾಲಕ್ ತುಂಬಿದ ಕಡುಬನ್ನು ಸಾರಿನಲ್ಲಿ ತೇಲಿಸಿ ಕೊಟ್ಟಾಗ ಒಂದು ಲೋಟ. ಶನಿವಾರ ವಿನೆಗರ್ ಹಾಕಿ ಹುಳಿ ಮಾಡಿದ ಮಸೂರಕಾಳು, ಅದರ ಪಕ್ಕ ಕೈಯಲ್ಲಿ ಕೆರೆದು ಬೇಯಿಸಿದ ಮೊಟ್ಟೆ ಹಿಟ್ಟಿನ ದಪ್ಪ ಶಾವಿಗೆಯಂಥ ಶ್ಪೆಟ್ಸ್ಲೆ, ಮೇಲೊಂದು ಜೋಡಿ ಸಾಸೇಜು ಇದ್ದರಂತೂ ಎರಡು ಲೋಟ. ಹುಳಿಗೆ ಹುಳಿ ಸೇರಿ ಎರಡೂ ಮೆತ್ತಗಾಗುತ್ತವೆ.

ಗೊಟ್‌ಹಿಲ್ಫ್ ಚರ್ಚಿನ ಹಿರಿಯರ ಮಂಡಳಿಯಲ್ಲಿದ್ದ. ಆರಾಧನೆಯಲ್ಲಿ ಎಲ್ಲರೂ ಹಂಚಿಕೊಂಡು ಕುಡಿಯುವ ಪ್ರಭುಭೋಜನದ ಬಟ್ಟಲಿಗೆ ಹೋಗುತ್ತಿದ್ದದ್ದೂ ಅವನ ಪೀಪಾಯಿಯ ವೈನೇ. ಒಮ್ಮೆ ಒಂದು ಪೀಪಾಯಿಗೆ ಹಲಗೆಯ ವಾಸನೆ ಹತ್ತಿತ್ತು. ಕೊಳ್ಳುವವನಿಗೆ ಅದು ತಿಳಿದೇ ಇರಲಿಲ್ಲ. ಇವನೇ ಅವನ ಹಿಂದೆ ಊರ ಹೊರಗಿನವರೆಗೂ ಓಡಿಹೋಗಿ, "ಅದು ಬೇಡ, ಕೆಟ್ಟಿದೆ" ಎಂದು ಹೇಳಿ ವಾಪಸು ಇಳಿಸಿಕೊಂಡು ಬಂದ. ಅಂಥ ಮನುಷ್ಯ.

ಆದರೆ ಅವನೊಳಗೆ ಒಂದು ಮುಳ್ಳಿತ್ತು. ಇನ್ನೂ ಮದುವೆಯಾಗದ ವಯಸ್ಸಿನಲ್ಲಿ ಹೈಲ್‌ಬ್ರಾನಿನ ಒಂದು ಪ್ರದರ್ಶನಕ್ಕೆ ತನ್ನ ವೈನು ಒಯ್ದಿದ್ದನಂತೆ. ಹೊರ ಊರಿನ ಒಬ್ಬ ದೊಡ್ಡ ಮನುಷ್ಯರು ಒಂದು ಗುಟುಕು ಬಾಯಿಗೆ ಹಾಕಿ ಉಗಿದು, "ಸ್ಟ್ರಾಬೆರಿ ತೊಳೆದ ನೀರು" ಅಂದರಂತೆ. ಸುತ್ತ ಇದ್ದವರು ನಕ್ಕರಂತೆ. ಅವನೂ ಅವರ ಜೊತೆ ಸೇರಿ ನಕ್ಕನಂತೆ. 

ಅವನಿಗೆ ಒಬ್ಬಳೇ ಮಗಳು, ಆನೆಗ್ರೆಟ್. ಫ್ರೈಬುರ್ಗ್‌ನಲ್ಲಿ ನರ್ಸ್ ಆಗಿದ್ದವಳು ಅಲ್ಲೇ ಕ್ಲೆಮೆನ್ಸ್ ಎಂಬ ಶಾಲಾ ಮೇಷ್ಟ್ರನ್ನು ಮೆಚ್ಚಿದಳು. ಬರ್ಲಿನ್ ಗೋಡೆ ಬಿದ್ದು ಎರಡು ಜರ್ಮನಿ ಒಂದಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು ಇದು. ಹುಡುಗ ಬಾಡನ್ ಸೀಮೆಯವನು. ಶ್ವಾಬೆನ್‌ನವರಾದ ನಮಗೂ ಪಕ್ಕದ ಸೀಮೆಯ ಅವರಿಗೂ ಹಿಂದಿನಿಂದ ಇರುವ ಕೀಟಲೆ ನಿಮಗೆ ಗೊತ್ತೇ ಇದೆ. ನಾವು ಜುಗ್ಗರು ಎಂದು ಅವರು, ಅವರು ಸೋಮಾರಿಗಳು ಎಂದು ನಾವು. ಅವನ ಅಪ್ಪ ಅಲ್ಬಾನ್ ಬುರ್ಕಾರ್ಟ್ ಕೈಸರ್‌ಶ್ಟೂಲ್ ಬೆಟ್ಟದಲ್ಲಿ ದ್ರಾಕ್ಷಿ ಬೆಳೆಯುವವರು, ಹೆಂಡತಿ ತೀರಿಕೊಂಡಿದ್ದರು. ಅವರು ಬೆಳೆಯುತ್ತಿದ್ದದ್ದು ಶ್ಪೇಟ್‌ಬುರ್ಗುಂಡರ್. ಜರ್ಮನಿಯ ಕೆಂಪು ವೈನು ಅಂದರೆ ಹೊರದೇಶದವರೂ ಹೆಸರು ಹಿಡಿದು ಕೇಳುವುದು ಅದನ್ನೇ.

ಕ್ಲೆಮೆನ್ಸ್ ಮೊದಲ ಸಲ ಮನೆಗೆ ಬಂದಾಗ ಎಲ್ಫ್ರೀಡ, ಅಂದರೆ ಗೊಟ್‌ಹಿಲ್ಫ್‌ನ ಹೆಂಡತಿ, ಮಸೂರಕಾಳು ಶ್ಪೆಟ್ಸ್ಲೆ ಬಡಿಸಿದಳು. ಹುಡುಗ ಮೂರು ಸಲ ಹಾಕಿಸಿಕೊಂಡ. ಟ್ರೋಲಿಂಗರನ್ನೂ ಚೆನ್ನಾಗಿ ಕುಡಿದ. ಕುಡಿದು ನಗುತ್ತಾ ಒಂದು ಮಾತು ಅಂದ.

"ನಮ್ಮಪ್ಪ ಇದನ್ನ ಮುಟ್ಟೋದಿಲ್ಲ ಬಿಡಿ. ಶ್ವಾಬೆನ್‌ನವರು ಬಾಯಿ ಮುಕ್ಕಳಿಸೋಕೆ ಮಾಡ್ಕೊಂಡಿರೋದು ಅಂತಾರೆ."

ಹುಡುಗ ಅದನ್ನು ತಮಾಷೆಗೆ ಹೇಳಿದ್ದು. ಆನೆಗ್ರೆಟ್ ಅವನ ತೋಳಿಗೆ ಗುದ್ದಿದಳು. ಎಲ್ಫ್ರೀಡ ನಕ್ಕಳು. ಗೊಟ್‌ಹಿಲ್ಫ್ ಕೂಡ ನಕ್ಕ.

ನವೆಂಬರಿನಲ್ಲಿ ಬೀಗರು ಬರುವುದೆಂದು ನಿಶ್ಚಯವಾಯಿತು. ಅದಕ್ಕೆ ಎರಡು ದಿನ ಮುಂಚೆ ಗೊಟ್‌ಹಿಲ್ಫ್ ಭಾನುವಾರದ ಕೋಟು ಹಾಕಿಕೊಂಡು ಸ್ಟುಟ್‌ಗಾರ್ಟಿಗೆ ಹೋದ. ಹಲ್ಲು ತೋರಿಸಲು ಎಂದು ಹೆಂಡತಿಗೆ ಹೇಳಿದ್ದ. ಒಂದು ಒಳ್ಳೆಯ ಅಂಗಡಿಗೆ ಹೋಗಿ ಒಳ್ಳೆಯ ಶ್ಪೇಟ್‌ಬುರ್ಗುಂಡರ್ ಕೊಡಿ ಎಂದು ಕೇಳಿ ತಂದ. ಹೆಂಡತಿ ತರಕಾರಿಗೆ ಹೋದ ಹೊತ್ತು ನೋಡಿ ನೆಲಮಾಳಿಗೆಗೆ ಇಳಿದ. ಬಿರಡೆ ತೆಗೆದು ತನ್ನ ಮನೆಯ ಹಸಿರು ಬಾಟಲಿಗಳಿಗೆ ಸುರಿದು ಮತ್ತೆ ಬಿರಡೆ ಬಡಿದ. ಆ ಕೆಲಸ ಮಾಡುವಾಗ ಕೈ ನಡುಗಲೇ ಇಲ್ಲ ಎಂದು ಆಮೇಲೆ ನನಗೆ ಹೇಳಿದ. "ಅದೇ ನೋಡು ಹೇಸಿಗೆ. ಗೋಡೆ ಕಟ್ಟೋವಾಗ ಇರೋ ಹಾಗೆ ಶಾಂತವಾಗಿದ್ದೆ."

ಅಲ್ಬಾನ್ ಬುರ್ಕಾರ್ಟ್ ಬಂದರು. ಕುಳ್ಳು, ಗಟ್ಟಿ ಆಳು, ಮಾತು ಕಡಿಮೆ. ಕ್ಲೆಮೆನ್ಸ್ ಅದೇ ಬೇಕೆಂದು ಕೇಳಿದ್ದರಿಂದ ಎಲ್ಫ್ರೀಡ ಮಸೂರಕಾಳನ್ನೇ ಮಾಡಿದ್ದಳು. ಹಿಂದಿನ ದಿನವೇ ಕುದಿಸಿಟ್ಟು, ಹುಳಿ ಹದವಾಗಿ ಹತ್ತಲೆಂದು ಎರಡು ಸಲ ರುಚಿ ನೋಡಿದ್ದಳು. ಎಲ್ಲರೂ ಕೂತರು. ಗೊಟ್‌ಹಿಲ್ಫ್ ಪ್ರಾರ್ಥನೆ ಹೇಳಿದ. ಆಮೇಲೆ ಹಸಿರು ಬಾಟಲಿ ತೆಗೆದ. ದಪ್ಪ ಲೋಟಗಳಲ್ಲ, ಮದುವೆಯ ಉಡುಗೊರೆಗೆ ಬಂದು ಬೀರುವಿನಲ್ಲೇ ಕೂತಿದ್ದ ಕಾಲುಳ್ಳ ಗಾಜಿನ ಲೋಟಗಳು. ಸುರಿದ ತಕ್ಷಣ ಎಲ್ಫ್ರೀಡ ಬಣ್ಣ ನೋಡಿದಳು. ಆನೆಗ್ರೆಟ್ ಕೂಡ ನೋಡಿದಳು.

ಅಲ್ಬಾನ್ ಒಂದು ಗುಟುಕು ಕುಡಿದರು. ನಿಧಾನವಾಗಿ ಲೋಟ ಕೆಳಗಿಟ್ಟರು.

"ಇದು ಟ್ರೋಲಿಂಗರ್ ಅಲ್ವಲ್ಲ ಬೀಗರೇ?"

"ಅಲ್ಲ, ಅಲ್ಲ. ಶ್ಪೇಟ್‌ಬುರ್ಗುಂಡರ್ ಒಂದು ಸ್ವಲ್ಪ ಇಟ್ಕೊಂಡಿದೀನಿ. ಮೇಲಿನ ಸಾಲಲ್ಲಿ. ಮನೆ ಮಟ್ಟಿಗೆ."

"ಓಹೋ! ಆನೆಗ್ರೆಟ್ ಹೇಳೇ ಇರಲಿಲ್ವಲ್ಲ," ಎಂದ ಕ್ಲೆಮೆನ್ಸ್ ಖುಷಿಯಿಂದ. "ಇಷ್ಟು ಒಳ್ಳೇದನ್ನ ಯಾಕೆ ಮುಚ್ಚಿಟ್ಟಿದ್ದೆ ಮಾರಾಯ್ತಿ?"

ಮೇಲಿನ ಸಾಲೆಂದರೆ ಆನೆಗ್ರೆಟ್‌ಗೆ ಅಂಗೈ ಇದ್ದ ಹಾಗೆ. ನಡೆಯಲು ಕಲಿತಿದ್ದೇ ಆ ಸಾಲುಗಳ ನಡುವೆ. ಅಲ್ಲಿ ಇದ್ದದ್ದು ಅವಳ ತಾತ ನೆಟ್ಟ ಟ್ರೋಲಿಂಗರ್. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಬ್ರೆಡ್ಡಿನ ಬುಟ್ಟಿ ನೋಡುತ್ತಿದ್ದ. "ಮರೆತುಹೋಗಿತ್ತು" ಎಂದಳು. ಎಲ್ಫ್ರೀಡ ಅಲ್ಬಾನರ ತಟ್ಟೆಗೆ ಇನ್ನೊಂದು ಸೌಟು ಕಾಳು ಹಾಕಿದಳು.

ಊಟ ಕೆಟ್ಟಿತು. ಆ ವೈನು ಜಿಂಕೆ ಮಾಂಸಕ್ಕೋ, ಬಾತುಕೋಳಿಗೋ, ಬೆಣ್ಣೆಯಲ್ಲಿ ಹುರಿದ ಅಣಬೆಗೋ ಆಗಿದ್ದರೆ ಹೂವಿನಂತೆ ಅರಳುತ್ತಿತ್ತು. ವಿನೆಗರ್ ಹಾಕಿದ ಕಾಳಿನ ಮೇಲೆ ಬಿದ್ದದ್ದೇ ಕಬ್ಬಿಣ ನೆಕ್ಕಿದ ಹಾಗಾಯಿತು. ಕಾಳು ಒಗರಾಯಿತು, ವೈನು ಕಹಿಯಾಯಿತು. ಕ್ಲೆಮೆನ್ಸ್ ಕೂಡ ಈ ಸಲ ಒಂದೇ ಸಲ ಹಾಕಿಸಿಕೊಂಡ. ಎಲ್ಫ್ರೀಡ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆಯಿಂದ ಒಂದು ಚಮಚ ಬಾಯಿಗೆ ಹಾಕಿ ನೋಡಿ ಬಂದಳು. ತನ್ನ ಕೈಯದೇ ತಪ್ಪೇನೋ ಎಂದು ಒಂದು ಗಳಿಗೆ ಅನ್ನಿಸಿತ್ತಂತೆ.

ಊಟವಾದ ಮೇಲೆ ಅಲ್ಬಾನ್ ಬಾಯಿ ಒರೆಸಿಕೊಂಡು, "ಬೀಗರೇ, ಆ ಮೇಲಿನ ಸಾಲು ಒಂದ್ಸಲ ನೋಡೋಣ್ವಾ?" ಅಂದರು.

"ಮೆಟ್ಟಿಲು ಜಾರುತ್ತೆ ಈಗ," ಎಂದಳು ಆನೆಗ್ರೆಟ್ ಬೇಗಬೇಗ. "ಎಲೆ ಬಿದ್ದು ಒದ್ದೆಯಾಗಿದೆ. ವಸಂತದಲ್ಲಿ ನೋಡಬಹುದು."

"ನಾನೂ ಗುಡ್ಡದೋನೇ ಕಣಮ್ಮ."

ಇಬ್ಬರೂ ಹೋದರು. ನಾನು ನಮ್ಮ ತೋಟದಲ್ಲಿ ಗೂಟ ಬಿಗಿ ಮಾಡುತ್ತಿದ್ದೆ. ಗೊಟ್‌ಹಿಲ್ಫ್ ಮುಂದೆ, ಅವರು ಹಿಂದೆ. ನಾನು ಕೂಗಿ ಮಾತಾಡಿಸಿದೆ. ಅವನು ಕೈ ಎತ್ತಿದ ಅಷ್ಟೆ, ನಿಲ್ಲಲಿಲ್ಲ. ಪ್ರತಿ ಮೆಟ್ಟಿಲಿಗೂ ಈಗ ಹೇಳಿಬಿಡಬೇಕು, ಈಗ ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದನಂತೆ. ಮೇಲೆ ಹೋಗಿ ನಿಂತರು. ಅಲ್ಬಾನ್ ಬಗ್ಗಿ ನೆಲದಿಂದ ಒಂದು ಹಳದಿ ಎಲೆ ಎತ್ತಿಕೊಂಡರು. ಟ್ರೋಲಿಂಗರಿನ ಎಲೆ ಊಟದ ತಟ್ಟೆಯಷ್ಟು ಅಗಲ. ಶ್ಪೇಟ್‌ಬುರ್ಗುಂಡರಿನದು ಅದರ ಅರ್ಧವೂ ಇರುವುದಿಲ್ಲ. ದ್ರಾಕ್ಷಿ ಬೆಳೆಯುವವರ ಮನೆಯ ಮಗುವಿಗೂ ಗೊತ್ತಿರುವ ವಿಷಯ.

"ನಿಮ್ಮಲ್ಲಿ ಎಲೆ ದೊಡ್ಡದು," ಎಂದರು ಅಲ್ಬಾನ್.

"ಮಣ್ಣು ಹಾಗಿದೆ," ಎಂದ ಗೊಟ್‌ಹಿಲ್ಫ್.

ಅಲ್ಬಾನ್ ಎಲೆಯನ್ನು ಗೋಡೆಯ ಮೇಲೆ ಇಟ್ಟರು. "ಗೋಡೆ ಚೆನ್ನಾಗಿದೆ. ಯಾರು ಕಟ್ಟಿದ್ದು?"

"ನಾನೇ."

"ಚೆನ್ನಾಗಿದೆ," ಎಂದು ಇನ್ನೊಮ್ಮೆ ಹೇಳಿ ಇಳಿದುಬಿಟ್ಟರು. ಕಾಫಿಗೂ ಕೂರಲಿಲ್ಲ.

ಕಾರು ಹೊರಟ ಮೇಲೆ ಆನೆಗ್ರೆಟ್ ಮೇಜಿನ ಮೇಲಿದ್ದ ಗಾಜಿನ ಲೋಟಗಳನ್ನು ಒಂದೊಂದಾಗಿ ತೊಳೆಯುವ ತೊಟ್ಟಿಗೆ ಇಟ್ಟಳು. ಅಳಲಿಲ್ಲ, ಕೂಗಲಿಲ್ಲ.

"ಅಪ್ಪ, ನಿಂಗೆ ನಾಚಿಕೆಯಾಗಿದ್ದು ವೈನಿನ ಬಗ್ಗೆ ಮಾತ್ರನಾ? ಇಲ್ಲಾ, ಅಮ್ಮನ ಅಡುಗೆ, ಈ ಮನೆ, ನಾನು, ಎಲ್ಲದರ ಬಗ್ಗೆನೂನಾ?"

"ನಿನಗೋಸ್ಕರ ಮಾಡಿದೆ ಮಗಳೇ."

"ನನಗೋಸ್ಕರ ಅಂತ ಹೇಳಬೇಡ. ನನ್ನನ್ನೂ ಸುಳ್ಳುಗಾತಿ ಮಾಡಿದೆ."

ಸಂಜೆಯ ರೈಲಿಗೇ ಫ್ರೈಬುರ್ಗ್‌ಗೆ ಹೋದಳು. ಎಲ್ಫ್ರೀಡ ಉಳಿದಿದ್ದ ಕಾಳನ್ನು ನಮ್ಮ ಮನೆಗೆ ತಂದುಕೊಟ್ಟಳು. "ತಿನ್ನಿ, ಚೆನ್ನಾಗಿಯೇ ಇದೆ" ಎಂದಳು. ಯಾಕೆ ಹಾಗೆ ಹೇಳಿದಳೋ ಎಂದು ನನ್ನ ಹೆಂಡತಿ ಆಶ್ಚರ್ಯಪಟ್ಟಳು.

ಕ್ರಿಸ್ಮಸ್‌ಗೆ ಮುಂಚಿನ ಆಡ್ವೆಂಟ್‌ನ ಮೊದಲ ಭಾನುವಾರ ಚರ್ಚಿನಲ್ಲಿ ಪ್ರಭುಭೋಜನ. ನಾವು ಅರ್ಧಚಂದ್ರಾಕಾರವಾಗಿ ನಿಂತಿದ್ದೆವು. ಬಟ್ಟಲು ಕೈಯಿಂದ ಕೈಗೆ ಬರುತ್ತಿತ್ತು. ಗೊಟ್‌ಹಿಲ್ಫ್ ನನ್ನ ಎಡಗಡೆ. ಬಟ್ಟಲು ಅವನ ಕೈಗೆ ಬಂತು. ಒಳಗಿದ್ದದ್ದು ಅವನದೇ ವೈನು. ಅದನ್ನು ನೋಡಿದ, ತುಟಿಗೆ ತಾಗಿಸದೆ ನನ್ನ ಕೈಗೆ ದಾಟಿಸಿದ. ಅವನ ಕಿವಿ ಕೆಂಪಗಾಗಿತ್ತು. ಪಾದ್ರಿಗಳು ನೋಡಿದರು, ಎಲ್ಲರೂ ನೋಡಿದರು.

ಮುಂದಿನ ವಾರ ಮಂಡಳಿಯ ಸಭೆಯಲ್ಲಿ ಎದ್ದು ನಿಂತು ನಡೆದದ್ದನ್ನೆಲ್ಲಾ ಹೇಳಿ ಹಿರಿಯನ ಸ್ಥಾನ ಬಿಟ್ಟ. ಪಾದ್ರಿಗಳು, "ಇಷ್ಟಕ್ಕೆಲ್ಲಾ ಬಿಡಬೇಕಾ ಗೊಟ್‌ಹಿಲ್ಫ್?" ಅಂದರು. "ಇಷ್ಟೇ ತಾನೇ ಅಂತ ಅವತ್ತು ನನಗೂ ಅನ್ನಿಸಿತ್ತು. ಅದಕ್ಕೇ ಬಿಡ್ತಿದೀನಿ" ಎಂದ. ಮಂಡಳಿಯಲ್ಲಿ ಹೇಳಿದ ಮೇಲೆ ಊರಿಗೆ ಗೊತ್ತಾಗಲು ಎಷ್ಟು ಹೊತ್ತು? ಅಂದಿನಿಂದ ಹೋಟೆಲಿಗೆ ಹೋದರೆ ಯಾವನಾದರೂ ಒಬ್ಬ, "ಏ ಗೊಟ್‌ಹಿಲ್ಫ್, ಮೇಲಿನ ಸಾಲಿಂದು ಒಂದು ಲೋಟ ಹಾಕೋ!" ಅನ್ನುವನು. ಮೇಜೆಲ್ಲಾ ಗೊಳ್ಳೆನ್ನುವುದು. ನಾನೂ ನಕ್ಕಿದ್ದೇನೆ. ಅವನು ಟೋಪಿ ತೆಗೆದುಕೊಂಡು ಮನೆಗೆ ಹೋಗುತ್ತಿದ್ದ. ಕೆಲವು ವರ್ಷಗಳ ಮೇಲೆ ಹೋಟೆಲಿಗೆ ಹೋಗುವುದನ್ನೇ ಬಿಟ್ಟ.

ಜನವರಿಯಲ್ಲಿ ಕೈಸರ್‌ಶ್ಟೂಲಿಗೆ ಹೋದ. ಕೈಯಲ್ಲಿ ಏನೂ ಇರಲಿಲ್ಲ. ಒಂದು ಬಾಟಲಿ ತೆಗೆದುಕೊಂಡು ಹೋಗೋಣವೆಂದರೆ ಯಾವ ಮುಖ ಇಟ್ಟುಕೊಂಡು? ಅಲ್ಬಾನ್ ತೋಟದಲ್ಲಿ ಬಳ್ಳಿ ಕತ್ತರಿಸುತ್ತಿದ್ದರು. ಇವನನ್ನು ನೋಡಿದರೂ ಕತ್ತರಿ ನಿಲ್ಲಿಸಲಿಲ್ಲ.

"ಬೀಗರೇ, ಅವತ್ತು ನಾನು ಹಾಕಿದ್ದು ಅಂಗಡಿ ವೈನು. ನನ್ನದಲ್ಲ."

"ಗೊತ್ತು. ಬಾಯಿಗೆ ಹಾಕಿದಾಗಲೇ ಗೊತ್ತು."

"ಹಾಗಾದ್ರೆ ಮೇಲಕ್ಕೆ ಯಾಕೆ ಬಂದ್ರಿ?"

"ಹೇಳ್ತೀರೇನೋ ಅಂತ ಬಂದೆ. ಊಟದ ಮೇಜಿನ ಮುಂದೆ ಹೇಳೋಕೆ ಆಗದಿದ್ರೆ, ಇಬ್ಬರೇ ಇದ್ದಾಗಾದ್ರೂ ಹೇಳ್ತೀರೇನೋ ಅಂತ. ನೀವು ಮಣ್ಣಿನ ಮೇಲೆ ಹಾಕಿದ್ರಿ." ಕತ್ತರಿ ಕಟ್ ಕಟ್ ಎನ್ನುತ್ತಿತ್ತು. "ಮನೆಗೆ ಬಂದು ಹುಡುಗನಿಗೆ ಹೇಳ್ದೆ, ಆ ಮನೆ ಹುಡುಗಿ ಬೇಡ ಕಣೋ, ಮೊದಲ ದಿನವೇ ಮೋಸ ಮಾಡಿದಾರೆ, ತಾಯಿ ಮಗಳೂ ಸೇರ್ಕೊಂಡು, ಅಂತ. ಅವನು ಬಾಗಿಲು ಧಡ್ ಅಂತ ಎಳ್ಕೊಂಡು ಹೋದ. ಕ್ರಿಸ್ಮಸ್‌ಗೂ ಬರಲಿಲ್ಲ. ಹೆಂಡತಿ ಹೋದ್ಮೇಲೆ ಒಬ್ಬನೇ ಹಬ್ಬ ಮಾಡಿದ್ದು ಇದೇ ಮೊದಲು."

ಗೊಟ್‌ಹಿಲ್ಫ್ ಅಲ್ಲೇ ಕೆಸರಿನಲ್ಲಿ ನಿಂತುಬಿಟ್ಟ. ತಾನು ಮಾಡಿದ್ದು ತನ್ನ ಮನೆಯ ಗೋಡೆಯೊಳಗೇ ಉಳಿದಿದೆ ಎಂದುಕೊಂಡಿದ್ದ. ಅದು ಬೆಟ್ಟ ದಾಟಿ ಬಂದು ಇನ್ನೊಬ್ಬರ ಮನೆಯನ್ನೂ ಮುರಿದಿತ್ತು.

"ಅವರಿಬ್ಬರಿಗೂ ಗೊತ್ತಿರಲಿಲ್ಲ. ಲೋಟಕ್ಕೆ ಸುರಿದಾಗಲೇ ಗೊತ್ತಾಗಿದ್ದು. ನನ್ನ ಮಾನ ಉಳಿಸೋಕೆ ಬಾಯಿ ಮುಚ್ಕೊಂಡ್ರು. ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ."

"ಯಾಕೆ ಮಾಡಿದ್ರಿ ಅದನ್ನ?"

"ನೀವು ನಗ್ತೀರ ಅಂತ."

ಅಲ್ಬಾನ್ ಆಗ ಕತ್ತರಿ ಜೇಬಿಗೆ ಹಾಕಿಕೊಂಡರು. "ನಗ್ತಾ ಇದ್ದೆ," ಎಂದರು. "ಖಂಡಿತಾ ನಗ್ತಾ ಇದ್ದೆ. ನಕ್ಕು ಕುಡೀತಿದ್ದೆ. ಬೀಗರ ಮನೆಗೆ ಬಂದು ಇನ್ನೇನು ಮಾಡ್ತಾರೆ?"

ಮಧ್ಯಾಹ್ನ ಮನೆಗೆ ಕರೆದುಕೊಂಡು ಹೋದರು. ಹುರಿದ ಆಲೂಗೆಡ್ಡೆ, ಈರುಳ್ಳಿ ಎಲೆ ಕತ್ತರಿಸಿ ಹಾಕಿದ ಗಟ್ಟಿ ಮೊಸರು, ಬ್ರೆಡ್ಡು. ಜಗ್ಗಿನಲ್ಲಿ ದಿನಬಳಕೆಯ ವೈನು. "ಹಬ್ಬದ ಬಾಟಲಿ ತೆಗೆಯಲ್ಲ" ಎಂದು ನೇರವಾಗಿ ಹೇಳಿದರು.  ಹೊರಡುವಾಗ ಕೈ ಕುಲುಕಲಿಲ್ಲ. ಆದರೆ ರೈಲು ನಿಲ್ದಾಣದವರೆಗೂ ಟ್ರ್ಯಾಕ್ಟರಿನಲ್ಲಿ ಬಿಟ್ಟರು. ಅದೇ ವಾರ ಮಗನಿಗೆ ಫೋನ್ ಮಾಡಿದರಂತೆ.

ಮದುವೆ ಮೇ ತಿಂಗಳಲ್ಲಿ ನಮ್ಮೂರಲ್ಲೇ ಆಯಿತು. ಎಲ್ಫ್ರೀಡ ಮತ್ತು ಊರ ಹೆಂಗಸರು ಸೇರಿ ಕಡುಬಿನ ಸಾರು, ಹುರಿದ ಈರುಳ್ಳಿ ಹೊದಿಸಿದ ದನದ ಮಾಂಸ ಮಾಡಿದರು. ಗೊಟ್‌ಹಿಲ್ಫ್ ತನ್ನ ಟ್ರೋಲಿಂಗರನ್ನು ಜಗ್ಗಿನಲ್ಲಿ ತುಂಬಿಕೊಂಡು ಮೇಜಿಂದ ಮೇಜಿಗೆ ತಾನೇ ಹೋದ. ಬಾಡನ್ ಕಡೆಯ ಒಬ್ಬ ನೆಂಟ ಲೋಟ ಬೆಳಕಿಗೆ ಹಿಡಿದು, "ಇದೇನ್ರೀ, ಜ್ವರ ಬಂದವರಿಗೆ ಕೊಡೋ ಶರಬತ್ತಾ?" ಎಂದ. ಗೊಟ್‌ಹಿಲ್ಫ್‌ನ ಕುತ್ತಿಗೆ ಕೆಂಪಾಯಿತು. "ಹೌದು, ನಮ್ಮದು ಹೀಗೇ," ಎಂದು ಸುರಿದು ಮುಂದೆ ಹೋದ. ಬೀಗರ ಮೇಜು ಬಂದಾಗ ಮಾತ್ರ ಅವನ ಕಾಲು ನಿಂತಿತು. ಜಗ್ಗನ್ನು ನನ್ನ ಕೈಗೆ ಕೊಟ್ಟ. ನಾನೇ ಸುರಿದೆ. ಅಲ್ಬಾನ್ ಕಡುಬಿನ ಜೊತೆ ಅದನ್ನು ಪೂರ್ತಿ ಕುಡಿದು ಇನ್ನೊಮ್ಮೆ ಲೋಟ ಮುಂದಕ್ಕಿಟ್ಟರು. "ಸಾರಿಗೆ ಹೊಂದುತ್ತೆ" ಎಂದರು. ಚೆನ್ನಾಗಿದೆ ಎನ್ನಲಿಲ್ಲ. ಮಾಂಸ ಬಂದಾಗ ತಾವು ತಂದಿದ್ದ ಬಾಟಲಿಯನ್ನೇ ತೆಗೆದರು. ಅದೂ ಸರಿಯಾಗಿಯೇ ಇತ್ತು.

ಆನೆಗ್ರೆಟ್ ಅಪ್ಪನ ಜೊತೆ ಒಂದು ಸುತ್ತು ಕುಣಿದಳು. ಆದರೆ ಅವಳು ಅವನನ್ನು ಮೊದಲಿನಂತೆ ನಂಬಲು ಬಹಳ ವರ್ಷ ಹಿಡಿಯಿತು. ಅಪ್ಪ ಫೋನಿನಲ್ಲಿ "ಇಲ್ಲಿ ಎಲ್ಲಾ ಚೆನ್ನಾಗಿದೆ" ಎಂದರೆ, "ಅಮ್ಮನಿಗೆ ಕೊಡು" ಎನ್ನುತ್ತಿದ್ದಳು. ಅದು ಅವನಿಗೆ ಹೋಟೆಲಿನ ನಗುವಿಗಿಂತ ಹೆಚ್ಚು ಚುಚ್ಚುತ್ತಿತ್ತು. ಮೊಮ್ಮಗಳು ಹುಟ್ಟಿ, ಬೇಸಿಗೆ ರಜೆಗೆ ಇಲ್ಲಿ ಬಿಟ್ಟುಹೋಗುವ ಹೊತ್ತಿಗೆ ಅದು ಹೇಗೋ ತನ್ನಷ್ಟಕ್ಕೆ ಸವೆದುಹೋಯಿತು.

ಎಲ್ಫ್ರೀಡ ಒಂದು ಫೆಬ್ರವರಿಯಲ್ಲಿ ನ್ಯುಮೋನಿಯಾ ಬಂದು ತೀರಿಕೊಂಡಳು. ಮಣ್ಣು ಮಾಡಿದ ಮರುವಾರವೇ ಗೊಟ್‌ಹಿಲ್ಫ್ ಬಳ್ಳಿ ಕತ್ತರಿಸಲು ಬಂದ, ಹವಾಮಾನ ಕಾಯುವುದಿಲ್ಲವಲ್ಲ. ನಾನು ಗೋಡೆಯ ಈಚೆ, ಅವನು ಆಚೆ. ಬಹಳ ಹೊತ್ತು ಕೆಲಸ ಮಾಡಿದ ಮೇಲೆ ಕತ್ತರಿ ನಿಲ್ಲಿಸಿದ.

"ನೋಡು, ಮಂಡಳಿಗೆ ಹೇಳಿದೆ. ಬೀಗರ ಊರಿಗೆ ಹೋಗಿ ಅವರಿಗೆ ಹೇಳಿದೆ. ಮಗಳ ಹತ್ರ ಕ್ಷಮೆ ಕೇಳಿದೆ. ಇವಳಿಗೆ ಮಾತ್ರ ಹೇಳಲೇ ಇಲ್ಲ."

"ಯಾವುದನ್ನ?"

"ಅವತ್ತು ಎದ್ದು ಹೋಗಿ ತನ್ನ ಕಾಳಿನ ರುಚಿ ನೋಡಿದ್ಲು. ತನ್ನದೇ ತಪ್ಪು ಅಂದ್ಕೊಂಡು. ನಾನು ಕೂತು ನೋಡ್ತಾ ಇದ್ದೆ. ನಿನ್ನ ಅಡುಗೆ ಚೆನ್ನಾಗಿತ್ತು ಕಣೇ ಅಂತ ಒಂದು ಮಾತು ಹೇಳಬೇಕಿತ್ತು. ದಿನಾ ಎದುರಿಗೇ ಇರ್ತಿದ್ಲು. ನಾಳೆ ಹೇಳಿದ್ರಾಯ್ತು ಅಂತ ಬಿಟ್ಟೆ."

 ಅವಳಿಗೆ ಗೊತ್ತಿತ್ತು ಬಿಡೋ ಅನ್ನಬಹುದಿತ್ತು; ಗೊತ್ತಿತ್ತೋ ಇಲ್ಲವೋ ನಾನೇನು ಬಲ್ಲೆ? ಅವನು ಕೈಗವಸಿನಿಂದ ಮೂಗು ಒರೆಸಿಕೊಂಡು ಮುಂದಿನ ಬಳ್ಳಿಗೆ ಹೋದ. ಆ ದಿನ ಸಂಜೆ ಅವನನ್ನು ನಮ್ಮ ಮನೆಗೆ ಊಟಕ್ಕೆ ಕರೆದೆವು. ಬಂದ, ಕೂತ, ತಿಂದ. ನನ್ನ ಹೆಂಡತಿ ತಟ್ಟೆ ತೆಗೆಯಲು ಬಂದಾಗ ಅವಳ ಕೈ ಹಿಡಿದು ನಿಲ್ಲಿಸಿ, "ಅಡುಗೆ ಚೆನ್ನಾಗಿತ್ತಮ್ಮ" ಎಂದ. ಹೇಳುವಾಗ ತಲೆ ಎತ್ತಲಿಲ್ಲ.